ಹತ್ತಡಿಗೆ ಹತ್ತಡಿಯ ಕೋಣೆ: ಫೋನ್ ಕದ್ದಾಲಿಕೆಯ ಕಾಗದಪತ್ರ

ಹಾಸನದಲ್ಲಿ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಫೋನ್ ಟ್ಯಾಪಿಂಗ್‌ಗೆ ಕನ್ನಡದಲ್ಲಿ ಕದ್ದಾಲಿಕೆ ಅನ್ನುತ್ತೇವೆ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಇದೇ ವಿಷಯಕ್ಕೆ. 2019ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಇನ್ನೊಂದು ಕದ್ದಾಲಿಕೆ ಆರೋಪವನ್ನು ಸಿಬಿಐಗೆ ವಹಿಸಿತು. ಪದ ಚೆನ್ನಾಗಿದೆ, ಬಾಯಲ್ಲಿ ನಿಲ್ಲುತ್ತದೆ. ಆದರೆ ಅದರ ಎರಡು ತುಂಡೂ ದಾರಿ ತಪ್ಪಿಸುತ್ತವೆ. ಕದಿಯುವವನು ಬೇಲಿ ಹಾರಿ ಬರಬೇಕು. ಇಲ್ಲಿ ಬೇಲಿ ಹಾರುವ ಕೆಲಸವೇ ಇಲ್ಲ, ಗೇಟಿನ ಬೀಗದ ಕೈಯನ್ನು ಫೋನ್ ಕಂಪನಿ ಲೈಸೆನ್ಸ್ ತೆಗೆದುಕೊಂಡ ದಿನವೇ ಒಪ್ಪಿಸಿರುತ್ತದೆ. ಇನ್ನು ಆಲಿಸುವುದು: ಬಹಳಷ್ಟು ಸಲ ಯಾರೂ ಏನೂ ಆಲಿಸುವುದಿಲ್ಲ. ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಟವರಿನಿಂದ ಎಂಬ ಪಟ್ಟಿ ಸಿಕ್ಕರೆ ಸಾಕು, ಮಾತು ಬೇಕಾಗುವುದೇ ಇಲ್ಲ.

ಹಾಗಾಗಿ ಇವತ್ತು ಹೆಚ್ಚು ಮಾತಾಡುವುದು ಕಾಗದಗಳ ಬಗ್ಗೆ.

ಮೊದಲು ಆ ಪಟ್ಟಿಯನ್ನೇ ನೋಡೋಣ. ಕೋರ್ಟಿನಲ್ಲಿ ನೀವು ಸಿಡಿಆರ್ ಅನ್ನುವ ಕರೆ ದಾಖಲೆಯ ಒಂದು ಸಾಲಿನಲ್ಲಿ ಇರುವುದಿಷ್ಟು: ಕರೆ ಮಾಡಿದ ನಂಬರು, ಸ್ವೀಕರಿಸಿದ ನಂಬರು, ದಿನಾಂಕ, ಸಮಯ, ಎಷ್ಟು ಸೆಕೆಂಡು, ಕರೆಯೋ ಎಸ್ಸೆಮ್ಮೆಸ್ಸೋ, ಸಿಮ್ಮಿನ ಒಳಗಿರುವ ಐಎಂಎಸ್‌ಐ ಸಂಖ್ಯೆ, ಹ್ಯಾಂಡ್‌ಸೆಟ್ಟಿನ ಐಎಂಇಐ ಸಂಖ್ಯೆ, ಕರೆ ಶುರುವಾದಾಗಿನ ಸೆಲ್ ಐಡಿ (ಯಾವ ಟವರಿನ ಯಾವ ಆಂಟೆನಾ ಎಂಬ ಗುರುತು), ಮುಗಿದಾಗಿನ ಸೆಲ್ ಐಡಿ. ಸಿಮ್ ಬದಲಿಸಿದರೂ ಹ್ಯಾಂಡ್‌ಸೆಟ್ ಅದೇ ಇದ್ದರೆ ಐಎಂಇಐ ಹಿಡಿದುಕೊಡುತ್ತದೆ. ಹ್ಯಾಂಡ್‌ಸೆಟ್ ಬದಲಿಸಿದರೆ ಸಿಮ್ಮು ಹಿಡಿದುಕೊಡುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದವನನ್ನು ಹಿಡಿಯುವುದು ಅವನ ಹೆಂಡತಿಗೋ ತಾಯಿಗೋ ದಿನಾ ಅದೇ ಹೊತ್ತಿಗೆ ಹೋಗುವ ಕರೆ.

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಆನೆಗೆ ರೇಡಿಯೊ ಕಾಲರ್ ಹಾಕಿ, ಅದು ಯಾವ ತೋಟದ ಹತ್ತಿರ ಇದೆ ಎಂದು ಅರಣ್ಯ ಇಲಾಖೆ ಊರವರಿಗೆ ಮೆಸೇಜು ಕಳಿಸುತ್ತದೆ. ಆ ಮೆಸೇಜು ಬಂದು ಬೀಳುವ ಫೋನೂ ಅಂಥದ್ದೇ ಕಾಲರ್. ಕರೆ ಮಾಡದೆ ಜೇಬಿನಲ್ಲಿಟ್ಟಿದ್ದರೂ ಅದು ಆಗಾಗ ನೆಟ್‌ವರ್ಕಿಗೆ ತಾನಿರುವ ಪ್ರದೇಶವನ್ನು ಹೇಳುತ್ತಲೇ ಇರುತ್ತದೆ. ಹೇಳದಿದ್ದರೆ ಒಳಬರುವ ಕರೆಯನ್ನು ಎಲ್ಲಿಗೆ ಕಳಿಸಬೇಕೆಂದು ನೆಟ್‌ವರ್ಕಿಗೆ ತಿಳಿಯುವುದಿಲ್ಲ. ಯಾರದೋ ಕುತಂತ್ರದಿಂದ ಹೀಗಾದದ್ದಲ್ಲ, ಮೊಬೈಲ್ ಕೆಲಸ ಮಾಡುವುದೇ ಹಾಗೆ.

ಆದರೆ ಮಲೆನಾಡಿನ ವಕೀಲರು ಈ ಸೆಲ್ ಐಡಿಯನ್ನು ಕಣ್ಣು ಮುಚ್ಚಿ ನಂಬಬಾರದು. ಒಂದು ಟವರಿಗೆ ಸಾಮಾನ್ಯವಾಗಿ ಮೂರು ದಿಕ್ಕಿನ ಆಂಟೆನಾ, ಒಂದೊಂದಕ್ಕೆ 120 ಡಿಗ್ರಿ, ಆ ಭಾಗಕ್ಕೆ ಸೆಕ್ಟರು ಅನ್ನುತ್ತಾರೆ. ಪೇಟೆಯಲ್ಲಿ ಒಂದು ಸೆಲ್ಲಿನ ಹರವು ಕೆಲವು ನೂರು ಮೀಟರ್ ಇರಬಹುದು. ಗುಡ್ಡದ ನೆತ್ತಿಯ ಮೇಲೆ ನಿಲ್ಲಿಸಿದ 2ಜಿ ಟವರಿನ ಸೆಲ್ಲು ತಾಂತ್ರಿಕವಾಗಿ 35 ಕಿಲೋಮೀಟರ್‌ವರೆಗೂ ಹೋಗಬಲ್ಲದು. ಫೋನು ಹತ್ತಿರದ ಟವರನ್ನು ಹುಡುಕುವುದಿಲ್ಲ, ಸಿಗ್ನಲ್ ಗಟ್ಟಿ ಇರುವ ಟವರನ್ನು ಹುಡುಕುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ಅಂಚಿನಲ್ಲಿ ನಿಂತವನಿಗೆ ಹಿಂದಿನ ಗುಡ್ಡ ಮರೆಯಾಗಿ, ಕೆಳಗಿನ ಬಯಲಿನ ಟವರು ನೇರ ಕಾಣುತ್ತಿದ್ದರೆ, ಸಿಡಿಆರ್‌ನಲ್ಲಿ ಅವನು ದಕ್ಷಿಣ ಕನ್ನಡದಲ್ಲಿರುತ್ತಾನೆ. ಎರಡೂ ಜಿಲ್ಲೆ ಫೋನ್ ಕಂಪನಿಗಳ ಕರ್ನಾಟಕ ವೃತ್ತಕ್ಕೇ (ಸರ್ಕಲ್) ಸೇರಿದ್ದರಿಂದ ರೋಮಿಂಗ್ ಎಂಬ ಗುರುತೂ ಬೀಳುವುದಿಲ್ಲ. ‘ಟವರ್ ಲೊಕೇಶನ್ ಪ್ರಕಾರ ಆರೋಪಿ ಸ್ಥಳದಲ್ಲೇ ಇದ್ದ’ ಎಂಬ ಸಾಲು ಚಾರ್ಜ್‌ಶೀಟಿನಲ್ಲಿ ಕಂಡರೆ ಕೇಳಬೇಕಾದದ್ದು: ಯಾವ ಸೆಕ್ಟರು, ಆಂಟೆನಾ ಯಾವ ಕಡೆ ಮುಖ ಮಾಡಿದೆ, ಆ ದಿನ ಅಕ್ಕಪಕ್ಕದ ಟವರು ಕರೆಂಟಿಲ್ಲದೆ ಬಂದ್ ಆಗಿತ್ತೇ? ಪಕ್ಕದ್ದು ಬಂದ್ ಆದರೆ ದೂರದ ಟವರು ಆ ಭಾಗದ ಫೋನುಗಳನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾತನ್ನೇ ಹಿಡಿಯುವ ಕೆಲಸ. ಗುರಿಯ ನಂಬರನ್ನು ಕಂಪನಿಯ ಸ್ವಿಚ್ಚಿನಲ್ಲಿ, ಅಂದರೆ ಕರೆಗಳನ್ನು ಜೋಡಿಸುವ ಯಂತ್ರದಲ್ಲಿ, ದಾಖಲಿಸಿದರೆ ಆಯಿತು. ಆ ನಂಬರಿನ ಪ್ರತಿ ಕರೆಯ ಒಂದು ಪ್ರತಿ ತನಿಖಾ ಸಂಸ್ಥೆಯ ಕೇಂದ್ರಕ್ಕೆ ಹರಿಯುತ್ತದೆ. ಕರೆ ಮಾಡಿದವರಿಗೆ ಕಟಕಟ ಸದ್ದು ಕೇಳಿಸುವುದಿಲ್ಲ, ಬ್ಯಾಟರಿ ಬಿಸಿಯಾಗುವುದಿಲ್ಲ, ಬಿಲ್ಲಿನಲ್ಲಿ ಏನೂ ಬರುವುದಿಲ್ಲ. ಕಂಪನಿಯ ಸಾಮಾನ್ಯ ಎಂಜಿನಿಯರಿಗೂ ಆ ಪಟ್ಟಿ ಕಾಣದಂತೆ ಸ್ವಿಚ್ಚಿನ ತಂತ್ರಾಂಶ ಬರೆದಿರುತ್ತಾರೆ. ಇದು ನೆನಪಿರಲಿ, ಗ್ರೀಸಿನ ಕಥೆಗೆ ಬೇಕಾಗುತ್ತದೆ.

ಗುಟ್ಟಿನ ಕರಾರು ಅಂದರೆ ಏನೆಂದು ಚೆನ್ನಾಗಿ ತಿಳಿದಿರುವುದು ಅಮೆರಿಕದ ಉದಾಹರಣೆಗಳಿಂದ, ಏಕೆಂದರೆ ಅಲ್ಲಿಯವು ಒಂದೊಂದಾಗಿ ಹೊರಬಿದ್ದಿವೆ. 1945ರಿಂದ 1975ರವರೆಗೆ, ಮೂವತ್ತು ವರ್ಷ, ಮೂರು ತಂತಿ ಕಂಪನಿಗಳು ದೇಶದಿಂದ ಹೊರಹೋಗುವ ಮತ್ತು ಒಳಬರುವ ಟೆಲಿಗ್ರಾಂಗಳನ್ನು ಸರ್ಕಾರಕ್ಕೆ ಕೊಡುತ್ತಿದ್ದವು: ವೆಸ್ಟರ್ನ್ ಯೂನಿಯನ್, ಆರ್‌ಸಿಎ, ಐಟಿಟಿ. ಯಾವ ಕೋರ್ಟಿನ ವಾರಂಟೂ ಇರಲಿಲ್ಲ. ‘ಶ್ಯಾಮ್‌ರಾಕ್’ ಎಂಬ ಹೆಸರಿನ ಈ ವ್ಯವಹಾರ 1975ರಲ್ಲಿ ಸೆನೆಟ್ ಸಮಿತಿಯ ವಿಚಾರಣೆಯಲ್ಲಿ ಬಯಲಾಯಿತು, 1978ರಲ್ಲಿ ಹೊಸ ಕಾನೂನು ಬಂತು. ಇನ್ನು ಹಾಗಾಗುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು.

2003ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ 611, ಫೋಲ್ಸಮ್ ಬೀದಿಯ ಕಟ್ಟಡದ ಆರನೇ ಮಹಡಿಯಲ್ಲಿ, ಅಮೆರಿಕದ ಗೂಢಚರ್ಯೆ ಸಂಸ್ಥೆ ಎನ್‌ಎಸ್‌ಎಗಾಗಿ, 641ಎ ಎಂಬ ಕೋಣೆ ಸಿದ್ಧವಾಗಿತ್ತು. ಅಳತೆ 24 ಅಡಿಗೆ 48 ಅಡಿ. ಎಟಿ ಅಂಡ್ ಟಿ ಕಂಪನಿಯ ಇಂಟರ್ನೆಟ್ ಫೈಬರುಗಳು ಏಳನೇ ಮಹಡಿಯಲ್ಲಿದ್ದವು. ಅಲ್ಲಿ ಒಂದು ಕಪಾಟಿನಲ್ಲಿ ‘ಸ್ಪ್ಲಿಟರ್’ ಕೂರಿಸಿದ್ದರು. ಇದು ಬಹಳ ಸರಳ ಸಾಮಾನು. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಎರಡು ಕವಲಾಗಿ ಸೀಳುತ್ತದೆ, ಎರಡೂ ಕವಲಿನಲ್ಲಿ ಇರುವುದು ಅದೇ ಮಾಹಿತಿ. ಒಂದು ಕವಲು ತನ್ನ ದಾರಿ ಹಿಡಿದು ಹೋಗುತ್ತದೆ, ಇನ್ನೊಂದು ಕೆಳಗಿನ ಕೋಣೆಗೆ. ಅದಕ್ಕೆ ಕರೆಂಟು ಬೇಡ. ಬೆಳಕಿನ ಬಲ ಸ್ವಲ್ಪ ಕುಗ್ಗುತ್ತದೆ ಅಷ್ಟೆ, ಗ್ರಾಹಕನಿಗೆ ಏನೂ ಗೊತ್ತಾಗುವುದಿಲ್ಲ. ಗಮನಿಸಬೇಕಾದ ಅಂಶ ಒಂದಿದೆ. ಸ್ಪ್ಲಿಟರಿಗೆ ಆರಿಸಿಕೊಳ್ಳುವುದು ಗೊತ್ತಿಲ್ಲ. ಒಬ್ಬ ಶಂಕಿತನದು ಬೇಕಾದರೂ ಆ ಎಳೆಯಲ್ಲಿ ಹೋಗುವ ಎಲ್ಲರದೂ ಸೀಳಿಕೊಂಡು ಬರುತ್ತದೆ, ಸೋಸುವುದು ಆಮೇಲೆ. ಅಲ್ಲಿನ ತಂತ್ರಜ್ಞ ಮಾರ್ಕ್ ಕ್ಲೈನ್ ನಿವೃತ್ತರಾದ ಮೇಲೆ ವೈರಿಂಗ್ ನಕ್ಷೆಗಳನ್ನು 2006ರಲ್ಲಿ ಹೊರಗಿಟ್ಟರು. ಕಂಪನಿಯ ಮೇಲೆ ದಾವೆ ನಡೆಯಿತು. 2008ರಲ್ಲಿ ಸಂಸತ್ತು ಹಿಂದಿನ ದಿನಾಂಕದಿಂದಲೇ ಅನ್ವಯಿಸುವಂತೆ ಕಂಪನಿಗಳಿಗೆ ರಕ್ಷಣೆ ಕೊಟ್ಟಿತು, ದಾವೆ ಬಿದ್ದುಹೋಯಿತು.

ಕೆಲವು ಕರಾರುಗಳು ಬರಹದಲ್ಲೇ ಇದ್ದವು. ಕಡಲ ಕೆಳಗೆ ಕೇಬಲ್ ಎಳೆದಿದ್ದ ಗ್ಲೋಬಲ್ ಕ್ರಾಸಿಂಗ್ ಕಂಪನಿ ವಿದೇಶಿಯರ ಕೈಗೆ ಹೋಗುವಾಗ, 2003ರಲ್ಲಿ, ಸರ್ಕಾರ ಅದರೊಂದಿಗೆ ‘ಭದ್ರತಾ ಒಪ್ಪಂದ’ ಮಾಡಿಕೊಂಡಿತು. ನಿಯಂತ್ರಣ ಕೇಂದ್ರ ಅಮೆರಿಕದ ನೆಲದಲ್ಲೇ ಇರಬೇಕು, ಅರ್ಧ ಗಂಟೆ ಮೊದಲು ಹೇಳಿ ಅಧಿಕಾರಿಗಳು ಒಳಗೆ ಬರಬಹುದು. ಲೈಸೆನ್ಸ್ ಬೇಕೇ, ಸಹಿ ಹಾಕು. ಇದಕ್ಕಿಂತ ಬೇರೆ ಒತ್ತಡ ಬೇಕಿಲ್ಲ. 2013ರ ಏಪ್ರಿಲ್ 25ರಂದು ಗುಪ್ತ ನ್ಯಾಯಾಲಯವೊಂದು ವೆರೈಝನ್ ಕಂಪನಿಗೆ ಕೊಟ್ಟ ಆದೇಶದಲ್ಲಿ ಮೂರು ತಿಂಗಳ ಕಾಲ ಎಲ್ಲ ಕರೆಗಳ ವಿವರವನ್ನು ದಿನನಿತ್ಯ ಕೊಡಬೇಕೆಂದಿತ್ತು, ಜೊತೆಗೆ ಇದನ್ನು ಯಾರಿಗೂ ಹೇಳಬಾರದೆಂದೂ. ಆ ಜೂನ್‌ನಲ್ಲಿ, ಎನ್‌ಎಸ್‌ಎಗೆ ಗುತ್ತಿಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಮೂಲಕ ಜಗತ್ತಿಗೆ ತಿಳಿದ ಮೊದಲ ಕಾಗದ ಅದು.

ವಕೀಲರಾದ ನಿಮಗೆ ಇದಕ್ಕಿಂತ ಹತ್ತಿರದ್ದು ‘ಹೆಮಿಸ್ಫಿಯರ್’. ಅಮೆರಿಕದ ಮಾದಕವಸ್ತು ತನಿಖಾ ದಳಗಳಲ್ಲಿ ಫೋನ್ ಕಂಪನಿಯ ನೌಕರರನ್ನೇ ಕೂರಿಸಿ, ಅವರಿಗೆ ಸರ್ಕಾರವೇ ಹಣ ಕೊಟ್ಟು, 1987ರಷ್ಟು ಹಿಂದಿನ ಕರೆ ದಾಖಲೆ ಹುಡುಕಿಸುತ್ತಿದ್ದರು. 2013ರ ಸೆಪ್ಟೆಂಬರ್‌ನಲ್ಲಿ ಹೊರಬಂದ ತರಬೇತಿ ಸ್ಲೈಡುಗಳಲ್ಲಿ ಒಂದು ಸೂಚನೆಯಿತ್ತು: ಯಾವ ಅಧಿಕೃತ ದಾಖಲೆಯಲ್ಲೂ ಹೆಮಿಸ್ಫಿಯರ್ ಹೆಸರು ಬರೆಯಬಾರದು. ಉತ್ತರ ಮೊದಲು ಅಲ್ಲಿ ಸಿಗುತ್ತದೆ, ಆಮೇಲೆ ಅದೇ ದಾಖಲೆಗೆ ಮಾಮೂಲಿ ಸಮನ್ಸ್ ಕಳಿಸಿ ತರಿಸಿಕೊಂಡು ಕಡತಕ್ಕೆ ಸೇರಿಸುತ್ತಾರೆ. ಕೋರ್ಟಿನಲ್ಲಿ ಆರೋಪಿಯ ವಕೀಲ ನೋಡುವುದು ಆ ಎರಡನೇ ಕಾಗದವನ್ನು ಮಾತ್ರ. ತನಿಖೆ ನಿಜವಾಗಿ ಎಲ್ಲಿಂದ ಶುರುವಾಯಿತೆಂದು ಪ್ರಶ್ನೆ ಮಾಡುವ ದಾರಿಯೇ ಮುಚ್ಚಿಹೋಯಿತು. ಒಂದು ದೇಶದ ಸಾಕ್ಷ್ಯ ಕಾನೂನನ್ನು ಇಷ್ಟು ಸದ್ದಿಲ್ಲದೆ ಮುರಿಯಬಹುದು.

ನಮ್ಮಲ್ಲಿ ಹೇಗೆ? ಅಲ್ಲಿ ಕರಾರು ಗುಟ್ಟು. ಇಲ್ಲಿ ಕರಾರು ಬಯಲಲ್ಲೇ ಇದೆ, ಬಳಕೆ ಮಾತ್ರ ಗುಟ್ಟು. ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪತ್ರಗಳನ್ನು ಯಾರು ಬೇಕಾದರೂ ಓದಬಹುದು, ಓದುವವರು ಕಡಿಮೆ. ಭದ್ರತಾ ಷರತ್ತುಗಳ ಅಧ್ಯಾಯ ತೆರೆಯಿರಿ. ನಿಗಾ ಇಡುವ ಯಂತ್ರ, ತಂತ್ರಾಂಶ ಎಲ್ಲ ಕಂಪನಿಯ ಖರ್ಚಿನಲ್ಲೇ. ಒಂದೊಂದು ಸ್ವಿಚ್ಚಿನಲ್ಲೂ ಕನಿಷ್ಠ 3000 ನಂಬರುಗಳನ್ನು ನಿಗಾಕ್ಕೆ ಹಾಕುವ ಸಾಮರ್ಥ್ಯ ಇರಬೇಕು, ಏಕಕಾಲಕ್ಕೆ ಕನಿಷ್ಠ 480 ಕರೆಗಳನ್ನು ಹಿಡಿಯುವಂತಿರಬೇಕು. ಇಂಟರ್ನೆಟ್ ಕಂಪನಿಗಳ ಲೈಸೆನ್ಸಿನಲ್ಲಿ ಇನ್ನೂ ಮನೆಮಟ್ಟದ ವಿವರವಿದೆ. ನಿಗಾ ಸಂಸ್ಥೆಗಾಗಿ ಹತ್ತಡಿಗೆ ಹತ್ತಡಿಯ ಕೋಣೆ, ಕರೆಂಟು ಹೋಗದ ವ್ಯವಸ್ಥೆ, ಏಸಿ, ಭದ್ರವಾದ ಬಾಗಿಲು, ಆ ಸಂಸ್ಥೆಯವರಿಗೆ ಮಾತ್ರ ಪ್ರವೇಶ, ಬಾಡಿಗೆ ಇಲ್ಲ. ಸಣ್ಣ ಕಿರಾಣಿ ಅಂಗಡಿಯಷ್ಟು ಜಾಗ. ಸ್ಯಾನ್ ಫ್ರಾನ್ಸಿಸ್ಕೊದ ಕೋಣೆಗೆ ಜಗತ್ತೆಲ್ಲ ಬೆಚ್ಚಿತು. ನಮ್ಮ ಕೋಣೆಯ ಅಳತೆ ಸರ್ಕಾರಿ ಕಾಗದದಲ್ಲಿ ಅಚ್ಚಾಗಿ ಯಾರೂ ಹುಬ್ಬೇರಿಸದೆ ಬಿದ್ದಿದೆ. ಕರೆ ದಾಖಲೆಯನ್ನು ಒಂದು ವರ್ಷ ಇಡಬೇಕೆಂದಿದ್ದ ಷರತ್ತನ್ನು 2021ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಏರಿಸಿದರು.

ಈ ಬಾಗಿಲನ್ನು ಯಾವಾಗ ತೆರೆಯಬಹುದೆಂಬುದಕ್ಕೆ 1885ರ ಟೆಲಿಗ್ರಾಫ್ ಕಾಯ್ದೆಯ 5(2) ಸೆಕ್ಷನ್ ಇತ್ತು. ಈಗ 2023ರ ದೂರಸಂಪರ್ಕ ಕಾಯ್ದೆಯ 20(2) ಬಂದಿದೆ. ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆ, ಇವೆರಡರಲ್ಲಿ ಒಂದು ಇದ್ದರೆ ಮಾತ್ರ ಎಂಬ ಷರತ್ತು ಅಂದಿಗೂ ಇಂದಿಗೂ ಅದೇ. 1996ರ ಡಿಸೆಂಬರ್ 18ರಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಟ್ಟುಪಾಡು ಹಾಕಿತು. ಅದು 2007ರಲ್ಲಿ ಟೆಲಿಗ್ರಾಫ್ ನಿಯಮಗಳ 419ಎ ನಿಯಮವಾಯಿತು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮ ಅದರ ಜಾಗಕ್ಕೆ ಬಂತು, ಅಸ್ಥಿಪಂಜರ ಬಹುಪಾಲು ಹಳೆಯದೇ. ಆದೇಶಕ್ಕೆ ಸಹಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯದು. ಅವಧಿ 60 ದಿನ, ಎಳೆದರೆ 180 ದಿನ. ತುರ್ತಿದ್ದರೆ ರಾಜ್ಯದಲ್ಲಿ ಐಜಿಪಿಗಿಂತ ಕೆಳಗಲ್ಲದ ಅಧಿಕಾರಿ ಆದೇಶ ಕೊಡಬಹುದು, ಆದರೆ ಏಳು ಕೆಲಸದ ದಿನಗಳಲ್ಲಿ ಗೃಹ ಕಾರ್ಯದರ್ಶಿ ಒಪ್ಪದಿದ್ದರೆ ನಿಲ್ಲಿಸಬೇಕು. ಪರಿಶೀಲನಾ ಸಮಿತಿಯ ಅಧ್ಯಕ್ಷರು ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ. ನ್ಯಾಯಾಧೀಶರು ಇಲ್ಲ. ಸಹಿ ಹಾಕಿದವರೂ ಪರಿಶೀಲಿಸುವವರೂ ಒಂದೇ ಕಟ್ಟಡದ ಕಾರಿಡಾರಿನವರು.

ಕೇಂದ್ರದಲ್ಲೂ ಇಂಥದ್ದೇ ಸಮಿತಿ ಇದೆ. ಅದಕ್ಕೆ ಕೆಲಸ ಎಷ್ಟು? ಕೇಂದ್ರ ಸರ್ಕಾರ ಒಂದೇ ತಿಂಗಳಿಗೆ 7500ರಿಂದ 9000 ಆದೇಶ ಹೊರಡಿಸುತ್ತದೆ ಎಂಬ ಉತ್ತರ 2013ರ ಆಸುಪಾಸಿನಲ್ಲಿ ಮಾಹಿತಿ ಹಕ್ಕಿನಡಿ ಬಂದಿತ್ತು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ದತ್ತಾಂಶ ರಕ್ಷಣೆ ಕಾನೂನಿಗಾಗಿ ನೇಮಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಇದೇ ಲೆಕ್ಕ ಹಾಕಿ, ಒಂದು ಸಭೆಗೆ 15 ಸಾವಿರದಿಂದ 18 ಸಾವಿರ ಆದೇಶ ನೋಡಬೇಕಾಗುತ್ತದೆ ಎಂದಿತು. ಒಂದಕ್ಕೆ ಒಂದು ನಿಮಿಷ ಕೊಟ್ಟರೂ 250ರಿಂದ 300 ಗಂಟೆ ಬೇಕು.

ಹಾಗಾದರೆ ನಿಜವಾಗಿ ತಡೆಯುವವರು ಯಾರು? ನಮ್ಮ ಅಭಿಪ್ರಾಯದಲ್ಲಿ, ಕಂಪನಿಯ ನೋಡಲ್ ಅಧಿಕಾರಿ, ಅಂದರೆ ಇಂಥ ಆದೇಶಗಳನ್ನು ಸ್ವೀಕರಿಸಲೆಂದೇ ಕಂಪನಿ ನೇಮಿಸಿದ ನೌಕರ. ಹಾಸನದ ಗ್ರಾಹಕನ ನಂಬರಿಗೆ ಬಂದ ಆದೇಶವೂ ಕರ್ನಾಟಕ ವೃತ್ತದ ನೋಡಲ್ ಅಧಿಕಾರಿಯ ಮೇಜಿಗೆ ಹೋಗಬೇಕು. ಆದೇಶ ಬಂದ ಎರಡು ಗಂಟೆಯೊಳಗೆ ಅವರು ಸ್ವೀಕೃತಿ ಕೊಡಬೇಕು, ಹದಿನೈದು ದಿನಕ್ಕೊಮ್ಮೆ ತಮಗೆ ಬಂದ ಆದೇಶಗಳ ಪಟ್ಟಿಯನ್ನು ಸಂಸ್ಥೆಗೆ ವಾಪಸ್ ಕಳಿಸಿ ‘ಇವೆಲ್ಲ ನಿಮ್ಮವೇ ತಾನೆ?’ ಎಂದು ಖಾತ್ರಿ ಮಾಡಿಕೊಳ್ಳಬೇಕು. 419ಎ ಹೇಳಿದ್ದು ಇದನ್ನೇ. ನೋಡಲು ಗುಮಾಸ್ತೆ ಕೆಲಸ. ಆದರೆ ಇಡೀ ಸರಪಳಿಯಲ್ಲಿ ಸರ್ಕಾರದ ಹೊರಗಿನ ಮನುಷ್ಯ ಕಾಗದ ಕಣ್ಣಾರೆ ನೋಡುವುದು ಇಲ್ಲೊಂದೇ ಕಡೆ.

ಅವರು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಮಾಜವಾದಿ ಪಕ್ಷದ ನಾಯಕರಾಗಿದ್ದ ಅಮರ್ ಸಿಂಗ್ ಅವರ ಪ್ರಕರಣವಿದೆ. 2005ರಲ್ಲಿ ದೆಹಲಿ ಪೊಲೀಸ್ ಮತ್ತು ಗೃಹ ಇಲಾಖೆಯ ಹೆಸರಿನ ಪತ್ರಗಳನ್ನು ನಂಬಿ ರಿಲಯನ್ಸ್ ಇನ್ಫೋಕಾಂ ಕಂಪನಿ ಅಮರ್ ಸಿಂಗ್ ಅವರ ಫೋನನ್ನು ನಿಗಾಕ್ಕೆ ಹಾಕಿತು. ಪತ್ರಗಳು ನಕಲಿ. 2011ರ ಮೇ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಪತ್ರದ ಭಾಷೆಯ ಒರಟು ತಪ್ಪುಗಳನ್ನೇ ಎತ್ತಿ ತೋರಿಸಿತು: ಇಷ್ಟು ತಪ್ಪಿರುವ ಕಾಗದ ಕಂಡಾಗ ಕಂಪನಿಗೆ ಅನುಮಾನ ಬರಬೇಡವೇ? ತುರ್ತಿನಲ್ಲಿ ನಂಬರು ಹಾಕಿದರೂ ಆದೇಶ ಅಸಲಿಯೇ ಎಂದು ಕೂಡಲೇ ವಿಚಾರಿಸುವುದು ಕಂಪನಿಯ ಹೊಣೆ ಎಂದಿತು. ಕಾಗುಣಿತ ನೋಡುವ ಒಬ್ಬ ಮನುಷ್ಯ ಇದ್ದಿದ್ದರೆ ಸಾಕಿತ್ತು.

ಈಗ ಆ ಮನುಷ್ಯನನ್ನೇ ಪಕ್ಕಕ್ಕೆ ಸರಿಸುವ ಯಂತ್ರ ಬಂದಿದೆ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಕಟ್ಟಿದ ಕೇಂದ್ರೀಯ ನಿಗಾ ವ್ಯವಸ್ಥೆ, ಸಿಎಂಎಸ್. ಕಂಪನಿಗಳ ಸ್ವಿಚ್ಚಿನಿಂದ ಸರ್ಕಾರದ ಪ್ರಾದೇಶಿಕ ಕೇಂದ್ರಗಳಿಗೆ ನೇರ ಸಂಪರ್ಕ. ಕಂಪನಿಯವರ ಕೈ ಮುಟ್ಟದೆ ನಂಬರನ್ನು ಅಲ್ಲಿಂದಲೇ ನಿಗಾಕ್ಕೆ ಹಾಕಬಹುದು. ಇದರಿಂದ ಖಾಸಗಿತನಕ್ಕೆ ಒಳ್ಳೆಯದೇ, ಕಂಪನಿಯ ನೌಕರರ ಬಾಯಿಂದ ವಿಷಯ ಸೋರುವುದಿಲ್ಲ ಎಂಬುದು ಸರ್ಕಾರದ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ, ಸೋರಿಕೆ ನಿಜವಾದ ಸಮಸ್ಯೆ. ಆದರೆ ಸೋರುವ ಬಾಯಿ ಮುಚ್ಚಿದಾಗ ನೋಡುವ ಕಣ್ಣೂ ಮುಚ್ಚಿತು.

ಕೀಲಿ ಕೈ ಮಾಡಿಟ್ಟರೆ ಅದು ಮಾಡಿಸಿದವರ ಕೈಯಲ್ಲೇ ಉಳಿಯುತ್ತದೆಂದು ಹೇಳಲಾಗದು. ಗ್ರೀಸಿನಲ್ಲಿ 2004-05ರಲ್ಲಿ ವೊಡಾಫೋನ್ ಜಾಲದೊಳಗೆ ಯಾರೋ ನುಗ್ಗಿ ಪ್ರಧಾನಿಯದ್ದೂ ಸೇರಿ ನೂರಕ್ಕೂ ಹೆಚ್ಚು ಫೋನುಗಳನ್ನು ನಿಗಾಕ್ಕೆ ಹಾಕಿದ್ದರು. ಎರಿಕ್ಸನ್ ಸ್ವಿಚ್ಚಿನಲ್ಲಿ ಕಾನೂನುಬದ್ಧ ನಿಗಾ ಮಾಡುವ ಭಾಗ ತಂತ್ರಾಂಶದ ಜೊತೆಗೇ ಬಂದಿತ್ತು. ಅದನ್ನು ನಡೆಸುವ, ಲೆಕ್ಕ ಇಡುವ ಪ್ರತ್ಯೇಕ ವ್ಯವಸ್ಥೆಯನ್ನು ಕಂಪನಿ ಕೊಂಡಿರಲಿಲ್ಲ. ಬಾಗಿಲಿದೆ, ಹಾಜರಿ ಪುಸ್ತಕ ಇಲ್ಲ. ನುಗ್ಗಿದವರು ಆ ಬಾಗಿಲನ್ನೇ ಬಳಸಿದರು. ಆಗಲೇ ಹೇಳಿದೆವಲ್ಲ, ಸಾಮಾನ್ಯ ಎಂಜಿನಿಯರಿಗೆ ಪಟ್ಟಿ ಕಾಣದಂತೆ ಮಾಡಿರುತ್ತಾರೆಂದು. ಅದೇ ಗುಣ ಕಳ್ಳರಿಗೆ ತಿಂಗಳುಗಟ್ಟಲೆ ಮರೆಯಾಯಿತು. 2024ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಜಾಲಕ್ಕೆ ನುಗ್ಗಿದ, ಚೀನಾದ ನಂಟಿನದೆನ್ನಲಾದ ‘ಸಾಲ್ಟ್ ಟೈಫೂನ್’ ಗುಂಪು ಅಲ್ಲಿಯೂ ಇಂಥ ನಿಗಾ ವ್ಯವಸ್ಥೆಗೇ ಕೈಹಾಕಿತ್ತು.

ಕೋರ್ಟಿನ ಮಾತಿಗೆ ಬರೋಣ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕಾಯಿತು. ಅದನ್ನು ಹಿಡಿದು 2019ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು, 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಲಂಚ ಪ್ರಕರಣಗಳ ನಿಗಾ ಆದೇಶಗಳನ್ನು ರದ್ದು ಮಾಡಿದವು. ಲಂಚ ತಪ್ಪೇ, ಆದರೆ ಅಷ್ಟರಿಂದ ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ಎನ್ನಲಾಗದು ಎಂಬುದು ತರ್ಕದ ತಿರುಳು. ಎದುರು ದಿಕ್ಕಿನ ತೀರ್ಪುಗಳೂ ಇವೆ. 1972ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮಲ್ಕಾನಿ ಪ್ರಕರಣದಿಂದ ಬಂದ ಹಾದಿಯಲ್ಲಿ, ಅಡ್ಡದಾರಿಯಲ್ಲಿ ಬಂದ ಧ್ವನಿಮುದ್ರಣವೂ ಸಾಕ್ಷ್ಯವಾಗಿ ನಿಲ್ಲುತ್ತದೆ. ಹಾಗಾಗಿ ಸಾಕ್ಷ್ಯ ಒಳಬಂದ ಮೇಲೆ ಆಕ್ಷೇಪಿಸುವುದಕ್ಕಿಂತ ಆದೇಶವನ್ನೇ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಪ್ರಶ್ನಿಸುವುದು ಮೇಲು. ಆದೇಶದ ಪ್ರತಿ, ಪರಿಶೀಲನಾ ಸಮಿತಿಯ ನಡಾವಳಿ, ನೋಡಲ್ ಅಧಿಕಾರಿಯ ಸ್ವೀಕೃತಿಯ ಸಮಯ, ಈ ಮೂರನ್ನೂ ಹಾಜರುಪಡಿಸಲು ಕೇಳಿ. ಮೂರರಲ್ಲಿ ಒಂದಾದರೂ ಸಿಗದೇ ಹೋಗುವ ಸಾಧ್ಯತೆ ಹೆಚ್ಚು.

ಸಿಡಿಆರ್ ಆದರೆ ಸಮಯ ನಿಮ್ಮ ಶತ್ರು. ನಿಮ್ಮ ಕಕ್ಷಿದಾರ ಸ್ಥಳದಲ್ಲಿರಲಿಲ್ಲ ಎಂದು ತೋರಿಸಲು ಅದು ಬೇಕಾದರೆ ವಿಚಾರಣೆ ಶುರುವಾಗುವವರೆಗೆ ಕಾಯಬೇಡಿ, ಎರಡು ವರ್ಷ ಮೀರಿದರೆ ಅಳಿದುಹೋಗಬಹುದು. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಅಡಿ ಈಗಲೇ ಅರ್ಜಿ ಹಾಕಿ, ನಂಬರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಸೆಲ್ ಐಡಿಯ ಜೊತೆ ಆಂಟೆನಾದ ದಿಕ್ಕು ಎಲ್ಲವನ್ನೂ ಬಿಡಿಸಿ ಬರೆದು, ಮೊದಲು ‘ಅಳಿಸದೆ ಕಾಪಾಡಿ’ ಎಂಬ ಆದೇಶ ಪಡೆಯಿರಿ. ಜೊತೆಗೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ. ಈಗ ಅದಕ್ಕೆ ಎರಡು ಭಾಗ, ಕೊಡುವವರದೊಂದು, ತಜ್ಞರದೊಂದು, ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಒಂದಕ್ಷರ ಬದಲಾದರೂ ಬದಲಾಗುತ್ತದೆ) ಎರಡರಲ್ಲೂ ಬರಬೇಕು. ಪೊಲೀಸರು ಇಮೇಲಿನಲ್ಲಿ ಬಂದ ಎಕ್ಸೆಲ್ ಹಾಳೆಯನ್ನು ಪ್ರಿಂಟ್ ತೆಗೆದು ಲಗತ್ತಿಸಿದ್ದರೆ ಮೂಲ ಫೈಲಿನ ಹ್ಯಾಶ್ ಕೇಳಿ. ಎಕ್ಸೆಲ್ಲಿನಲ್ಲಿ ಒಂದು ಸಾಲು ಅಳಿಸಲು ಒಂದು ಬೆರಳು ಸಾಕು.

ಸಭೆಯಿಂದ ಬಂದ ಪ್ರಶ್ನೆಗಳು.

*#21# ಒತ್ತಿದರೆ ಟ್ಯಾಪ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತದಂತೆ, ನಿಜವೇ? ಇಲ್ಲ. ಅದು ತೋರಿಸುವುದು ಕರೆ ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿದೆಯೇ ಎಂಬುದನ್ನಷ್ಟೇ. ವಂಚಕರು ಯಾಮಾರಿಸಿ ಫಾರ್ವರ್ಡ್ ಹಾಕಿಸಿದ್ದರೆ ಕಂಡುಹಿಡಿಯಲು ಉಪಯೋಗಕ್ಕೆ ಬರುತ್ತದೆ, ##002# ಎಲ್ಲ ಫಾರ್ವರ್ಡನ್ನೂ ತೆಗೆಯುತ್ತದೆ. ಸರ್ಕಾರದ ನಿಗಾ ಸ್ವಿಚ್ಚಿನೊಳಗೆ ನಡೆಯುತ್ತದೆ, ಫೋನಿನ ಯಾವ ಕೋಡಿಗೂ ಸಿಗುವುದಿಲ್ಲ.

ಸಾಲಗಾಮೆ ರಸ್ತೆಯ ದೊಡ್ಡ ಡಿಶ್‌ಗಳು ಫೋನ್ ಕೇಳಲಿಕ್ಕೇ? ಅದು ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಕೆಲಸ. ಆ ಡಿಶ್‌ಗಳು ನೋಡುವುದು ಸುಮಾರು 36 ಸಾವಿರ ಕಿಲೋಮೀಟರ್ ಮೇಲಕ್ಕೆ, ನಿಮ್ಮ ಜೇಬಿಗಲ್ಲ.

ವಾಟ್ಸಾಪಿನಲ್ಲಿ ಮಾತಾಡಿದರೆ? ಮಾತು ಎರಡು ತುದಿಯ ನಡುವೆ ಬೀಗ ಹಾಕಿಕೊಂಡು ಹೋಗುತ್ತದೆ, ಫೋನ್ ಕಂಪನಿಗೆ ಸಿಗುವುದಿಲ್ಲ, ಸಿಡಿಆರ್‌ನಲ್ಲಿ ಆ ಕರೆ ಬರುವುದೂ ಇಲ್ಲ. ಆದರೆ ಯಾವ ಐಪಿ ವಿಳಾಸಕ್ಕೆ ಎಷ್ಟು ಹೊತ್ತಿಗೆ ಡೇಟಾ ಹೋಯಿತೆಂಬ ಐಪಿಡಿಆರ್ ದಾಖಲೆ ಕಂಪನಿಯಲ್ಲಿ ಇರುತ್ತದೆ. ಬ್ಯಾಂಕಿನ ಒಟಿಪಿಯಂಥ ಎಸ್ಸೆಮ್ಮೆಸ್ಸಿಗೆ ಅಂಥ ಬೀಗವೇ ಇಲ್ಲ. ಫೋನಿನ ಸೆಟ್ಟಿಂಗಿನಲ್ಲಿ 2ಜಿ ಬಂದ್ ಮಾಡುವ ಆಯ್ಕೆ ಇದ್ದರೆ ಫೋನನ್ನು 2ಜಿಗೆ ಎಳೆದು ಯಾಮಾರಿಸುವ ನಕಲಿ ಟವರುಗಳ ಕಾಟ ಕಡಿಮೆಯಾಗುತ್ತದೆ, ಪೇಟೆಯವರು ಮಾಡಿಕೊಳ್ಳಿ. 2ಜಿ ಒಂದೇ ಸಿಗುವ ಹಾಡಿಯಲ್ಲಿದ್ದೀರಾದರೆ ಬೇಡ, ಮಾಮೂಲಿ ಕರೆಗಳೇ ಹೋಗದಂತಾದೀತು.

ನನ್ನ ಫೋನು ನಿಗಾದಲ್ಲಿದೆಯೇ ಎಂದು ಕಂಪನಿಯನ್ನು ಕೇಳಬಹುದೇ? ಕೇಳಬಹುದು, ಹೇಳುವುದಿಲ್ಲ. 2023ರ ದತ್ತಾಂಶ ರಕ್ಷಣೆ ಕಾಯ್ದೆ ನಿಮ್ಮ ಮಾಹಿತಿ ಯಾರಿಗೆ ಹೋಗಿದೆ ಎಂದು ತಿಳಿಯುವ ಹಕ್ಕನ್ನು ಬರೆದಿದೆ, ಆ ಭಾಗ ಜಾರಿಗೆ ಬರಲು 2027ರ ಮೇ ತಿಂಗಳನ್ನು ನಿಗದಿ ಮಾಡಿದ್ದಾರೆ. ಆದರೂ ಅಪರಾಧ ತನಿಖೆಗೆಂದು ಅಧಿಕಾರವುಳ್ಳ ಸಂಸ್ಥೆ ಲಿಖಿತವಾಗಿ ಕೇಳಿ ಪಡೆದದ್ದನ್ನು 11ನೇ ಸೆಕ್ಷನ್ನೇ ಹೊರಗಿಟ್ಟಿದೆ. ಆದರೆ ನಿಮ್ಮದೇ ಕರೆಗಳ ವಿವರ ಬೇಕಾದರೆ ಸಿಗುತ್ತದೆ. ಪ್ರೀಪೇಯ್ಡ್ ಗ್ರಾಹಕ ಕೇಳಿದರೆ 30 ದಿನದೊಳಗೆ ಕೊಡಬೇಕು, 50 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ಗ್ರಾಹಕ ರಕ್ಷಣಾ ನಿಯಮ. ಆರು ತಿಂಗಳಿಗಿಂತ ಹಳೆಯದನ್ನು ಕೊಡಲೇಬೇಕೆಂದಿಲ್ಲ. ಅಂಗಡಿಯ ಕೌಂಟರಿನಲ್ಲಿ ‘ಅಂಥದ್ದೇನೂ ಇಲ್ಲ ಸಾರ್’ ಅನ್ನುತ್ತಾರೆ. ಕಸ್ಟಮರ್ ಕೇರಿಗೆ ಕರೆ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ, ಆಗದಿದ್ದರೆ ಅದೇ ಸಂಖ್ಯೆ ಬರೆದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಅದಕ್ಕೆ ಶುಲ್ಕವಿಲ್ಲ.